ಗಾಳಿಯ ಮೇಲೆ ಹೊರಿಸಿದ ಸಾವು

ಅಮೆರಿಕದ ಉತ್ತರ ಕೆರೊಲಿನಾದಲ್ಲಿರುವ ಜಾಯ್ಸ್ ಕಿಲ್ಮರ್ ಅರಣ್ಯದ ಎರಡು ಮೈಲಿ ಕಾಲುದಾರಿಯನ್ನು ಆತುರವಿಲ್ಲದೆ ಸುತ್ತಲು ಒಂದು ಬೆಳಗು ಸಾಕು. ಹೆಚ್ಚುಕಡಿಮೆ ಕೊಡಲಿಯನ್ನೇ ಕಾಣದ ಆ ಕಾಡಿನಲ್ಲಿ ಶತಮಾನಗಳಷ್ಟು ಹಳೆಯ ಹೆಮ್ಲಾಕ್ ಮರಗಳಿದ್ದವು. (ಸಾಕ್ರೆಟೀಸನಿಗೆ ಕುಡಿಸಿದ ವಿಷದ ಗಿಡ ಬೇರೆ, ಇದು ಸೂಜಿಯೆಲೆಯ ಹೆಮ್ಮರ.) ಜಪಾನ್ ಮೂಲದ, ಎಳ್ಳಿಗಿಂತ ಚಿಕ್ಕದಾದ ಕೀಟವೊಂದು ರಸ ಹೀರಿ ಅವನ್ನು ಒಣಗಿಸಿತು. ಒಣಮರಗಳು ನಡೆಯುವವರ ಮೇಲೆ ಬಿದ್ದಾವೆಂದು 2010ರಲ್ಲಿ ಅರಣ್ಯ ಇಲಾಖೆ ಸಿಡಿಮದ್ದಿಟ್ಟು ಉರುಳಿಸಿತು. ಗರಗಸವೇಕೆ ಬೇಡವಾಯಿತು? ಕೊಯ್ದ ಬುಡ ಕೃತಕವಾಗಿ ಕಾಣುತ್ತದೆ, ಸಿಡಿದು ಸೀಳಿದ್ದು ಬಿರುಗಾಳಿಗೆ ಮುರಿದಂತಿರುತ್ತದೆ ಎಂಬ ಲೆಕ್ಕ.

ಸುರಕ್ಷತೆಯ ಕಾಳಜಿಯನ್ನು ಒಪ್ಪುತ್ತೇನೆ, ಈ ವೇಷವನ್ನಲ್ಲ. ಆ ಕೀಟ ಮನುಷ್ಯರ ವ್ಯವಹಾರದ ಬೆನ್ನೇರಿಯೇ ಸಾಗರ ದಾಟಿದ್ದು. ಕೊಯ್ದ ಬುಡವಿದ್ದಿದ್ದರೆ ದಾರಿಹೋಕನು ನಿಂತು ಉಂಗುರಗಳನ್ನು ಎಣಿಸುತ್ತಿದ್ದ, ಕಡಿದದ್ದೇಕೆಂದು ಕೇಳುತ್ತಿದ್ದ. ಈಗ ಗಾಳಿಯನ್ನು ದೂರಿ ಮುಂದೆ ನಡೆಯುತ್ತಾನೆ.