ತಲೆಕೆಳಗಾದ ಗೋಪುರ

ಮಕ್ಕಳೇ, ರಜೆ ಹತ್ತಿರ ಬಂತು. “ಈ ಸಲ ಎಲ್ಲಿಗೆ ಹೋಗೋಣ?” ಎಂಬ ಮಾತು ನಿಮ್ಮ ಮನೆಯಲ್ಲೂ ಶುರುವಾಗಿರಬೇಕು. ಹೊರಡುವ ಮೊದಲು ಈ ತಾತನ ಒಂದು ಕಥೆ ಕೇಳಿ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಊರು ಸುತ್ತಲು ನಮಗೆ ಎಲ್‌ಎಫ್‌ಸಿ ಎಂಬ ಸೌಲಭ್ಯವಿತ್ತು. ರಜೆಯೂ ಸಿಗುತ್ತಿತ್ತು, ಪ್ರಯಾಣದ ಖರ್ಚೂ ಬರುತ್ತಿತ್ತು. ಅದರಿಂದಾಗಿ ಕಾಶಿಯಿಂದ ಕನ್ಯಾಕುಮಾರಿವರೆಗೆ ತಿರುಗಿದ್ದೇನೆ. ಆದರೆ ತಿರುಗುವುದು ಹೇಗೆ ಎಂದು ಗೊತ್ತಾದದ್ದು ಎಪ್ಪತ್ತು ದಾಟಿದ ಮೇಲೆ.

1988ರಲ್ಲಿ ಹೆಂಡತಿಯ ಜೊತೆ ಹಂಪಿಗೆ ಹೋಗಿದ್ದೆ. ಜೇಬಿನಲ್ಲಿ ಪಟ್ಟಿ ಇತ್ತು: ವಿರೂಪಾಕ್ಷ ದೇವಸ್ಥಾನ, ಕಲ್ಲಿನ ರಥ, ಕಮಲ ಮಹಲು, ಆನೆ ಲಾಯ, ಸಂಜೆಗೆ ತುಂಗಭದ್ರಾ ಅಣೆಕಟ್ಟು. ಒಂದೊಂದು ಮುಗಿದಂತೆ ಲೆಡ್ಜರಿನಲ್ಲಿ ಹಾಕುವ ಹಾಗೆ ಟಿಕ್ ಹಾಕುತ್ತಿದ್ದೆ.

ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ ಇದೆ. ಅಲ್ಲಿನ ಸಣ್ಣ ಕಿಂಡಿಯಿಂದ ಬೆಳಕು ಬಂದು, ದೂರದ ಒಂಬತ್ತು ಅಂತಸ್ತಿನ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಅಂದು ಮೋಡ ಕವಿದಿತ್ತು, ಗೋಡೆಯ ಮೇಲೆ ಏನೂ ಕಾಣಲಿಲ್ಲ. “ಅರ್ಧ ಗಂಟೆ ಕೂತಿರಿ, ಮೋಡ ಸರಿಯುತ್ತೆ” ಎಂದರು ಅಲ್ಲಿದ್ದ ಹಿರಿಯರೊಬ್ಬರು. “ಕೂರೋಣ ರೀ” ಎಂದಳು ಇವಳು. ನಾನು ಗಡಿಯಾರ ನೋಡಿ, “ಮುಂದಿನ ಸಲ ಬಂದಾಗ ನೋಡಿದರಾಯ್ತು” ಎಂದು ಹೊರಟೇಬಿಟ್ಟೆ. ಸಂಜೆಗೆ ಪಟ್ಟಿ ಸರಿಯಾಗಿ ಟ್ಯಾಲಿ ಆಯಿತು.

ಆ ಮುಂದಿನ ಸಲ ಬರಲೇ ಇಲ್ಲ. ಮಕ್ಕಳ ಓದು, ಮನೆ ಸಾಲ, ಮದುವೆ ಅಂತ ವರ್ಷಗಳು ಉರುಳಿದವು. ಈಗ ಅವಳಿಗೆ ಮಂಡಿ ನೋವು. ಬೀದಿ ಕೊನೆಯ ಅಂಗಡಿಗೆ ಹೋಗುವುದೂ ಕಷ್ಟ.

ಹೋದ ಡಿಸೆಂಬರಿನಲ್ಲಿ ಮೊಮ್ಮಗಳ ಜೊತೆ ಮತ್ತೆ ಹಂಪಿಗೆ ಹೋದೆ. ಈ ಸಲ ಪಟ್ಟಿ ಇರಲಿಲ್ಲ. ದಿನಕ್ಕೆ ಒಂದೇ ಜಾಗ ಎಂದು ಮೊದಲೇ ನಿಶ್ಚಯಿಸಿದ್ದೆವು. ಅಂದೂ ಮೋಡ! ಕಾದೆವು. ಅವಳು ಕಂಬ ಎಣಿಸಿದಳು. ಕೋತಿಯೊಂದು ನಮ್ಮ ಬಾಳೆಹಣ್ಣು ಕಸಿದುಕೊಂಡು ಓಡಿತು. ಕೊನೆಗೆ ಬಿಸಿಲು ಬಂತು, ಗೋಡೆಯ ಮೇಲೆ ಗೋಪುರವೂ ಬಂತು.

“ಉಲ್ಟಾ ಯಾಕೆ ತಾತ?”

“ಬೆಳಕು ನೇರವಾಗಿ ಹೋಗುತ್ತೆ ಪುಟ್ಟಿ. ಗೋಪುರದ ತುದಿಯಿಂದ ಇಳಿದು ಬಂದ ಬೆಳಕು ಕಿಂಡಿ ದಾಟಿ ಗೋಡೆಯ ಕೆಳಗೆ ಬೀಳುತ್ತೆ. ಬುಡದಿಂದ ಬಂದದ್ದು ಮೇಲೆ ಬೀಳುತ್ತೆ.”

ಮೊಬೈಲಿನಲ್ಲಿ ಫೋಟೋ ಸರಿಯಾಗಿ ಬರಲಿಲ್ಲ. ಅವಳು ಅಲ್ಲೇ ಕೂತು, ಅಜ್ಜಿಗೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಳು.

ಮನೆಯಲ್ಲಿ ಅಜ್ಜಿ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. “ಅವತ್ತು ಅರ್ಧ ಗಂಟೆ ಕೂತಿದ್ರೆ ಆಗ್ತಿತ್ತಲ್ರೀ” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅದಕ್ಕೇ ಹೇಳುತ್ತೇನೆ: ಪ್ರವಾಸದಲ್ಲಿ ಜಾಗಗಳನ್ನು ಕಡಿಮೆ ಮಾಡಿ, ಕೂರುವ ಹೊತ್ತನ್ನು ಹೆಚ್ಚು ಮಾಡಿ. ಜೊತೆಯಲ್ಲಿ ಬಂದವರು “ಸ್ವಲ್ಪ ಕೂರೋಣ” ಎಂದರೆ ಕೂತುಬಿಡಿ.

ಹಂಪಿ ದೂರವಾದರೆ ಮನೆಯಲ್ಲೇ ಮಾಡಿ ನೋಡಿ. ಬಿಸಿಲಿರುವಾಗ ಕೋಣೆ ಪೂರ್ತಿ ಕತ್ತಲೆ ಮಾಡಿ, ಕಿಟಕಿಗೆ ರಟ್ಟು ಮುಚ್ಚಿ, ಅದರಲ್ಲಿ ಪೆನ್ಸಿಲ್ ಗಾತ್ರದ ಒಂದು ತೂತು ಮಾಡಿ. ಎದುರಿಗೆ ಬಿಳಿ ಹಾಳೆ ಹಿಡಿದರೆ ಹೊರಗಿನ ಮರ ತಲೆಕೆಳಗಾಗಿ ಕಾಣುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.