ಕೆಬೆಕ್‌ನಲ್ಲಿ ಮೂರು ದಿನ: ಎಲ್ಲಿ ಇಳಿಯೋಣ, ಏನು ತಿನ್ನೋಣ?

ಮಗಳ ಬಾಣಂತನಕ್ಕೆಂದು ಕೆನಡಾಕ್ಕೆ ಹೋಗಿ ಬಂದ ತಾಯಂದಿರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಸಿಗುತ್ತಾರೆ. "ಏನೇನು ನೋಡಿದಿರಿ?" ಅಂತ ಅವರನ್ನು ಕೇಳಿ ನೋಡಿ. ನಯಾಗರ ಒಂದು ದಿನ, ದೇವಸ್ಥಾನ ಎರಡು ಸಲ. ಉಳಿದ ಆರು ತಿಂಗಳೂ ಅಡುಗೆಮನೆ, ಮಗುವಿನ ಎಣ್ಣೆ-ನೀರು, ಬಾಣಂತಿಯ ಪಥ್ಯ, ಕಿಟಕಿಯಾಚೆಯ ಹಿಮ! ಇಷ್ಟು ಹೇಳಿ ನಕ್ಕು ಸುಮ್ಮನಾಗುತ್ತಾರೆ.

ಸೋದರಿಯರೇ, ನೀವು ಹೋದರೆ ಹೀಗೆ ಮಾಡಬೇಡಿ. ಮಗಳು ಎದ್ದು ಓಡಾಡುವಂತಾದ ಮೇಲೆ, ಅಳಿಯನಿಗೆ ರಜೆ ಸಿಕ್ಕಾಗ, ಮಗುವನ್ನು ಅವರಿಬ್ಬರ ಕೈಗೆ ಕೊಟ್ಟು ಮೂರು ದಿನ ಕೆಬೆಕ್ ನಗರಕ್ಕೆ ಹೋಗಿಬನ್ನಿ. ಯಜಮಾನರು ಜೊತೆಗಿದ್ದರೆ ಅವರೊಂದಿಗೆ, ಇಲ್ಲವೇ ಅಲ್ಲಿಯ ಇನ್ನೊಬ್ಬ ಅಮ್ಮನನ್ನು ಜೊತೆ ಮಾಡಿಕೊಂಡು. ಬೆಳಿಗ್ಗೆ ಎದ್ದರೆ ತಿಂಡಿ ಬೇರೆ ಯಾರೋ ಮಾಡಿಟ್ಟಿರುವ ಮೂರು ದಿನ ನಮಗೆ ಎಷ್ಟು ಸಲ ಸಿಗುತ್ತದೆ ಹೇಳಿ?

ಮಕ್ಕಳು ಹೆದರಿಸುವುದುಂಟು. "ಅಮ್ಮಾ, ಅಲ್ಲಿ ಎಲ್ಲಾ ಫ್ರೆಂಚು, ಊಟವೆಲ್ಲಾ ಮಾಂಸ, ನಿನಗೆ ಬ್ರೆಡ್ಡು ಬಾಳೆಹಣ್ಣೇ ಗತಿ" ಅಂತ. ಅರ್ಧ ನಿಜ. ಉಳಿದರ್ಧವನ್ನು ಹೇಳಲಿಕ್ಕೇ ಈ ಅಂಕಣ.

ಮಾಂಟ್ರಿಯಲ್‌ನಿಂದ ಸುಮಾರು 250 ಕಿಲೋಮೀಟರ್. ರೈಲಿನಲ್ಲಿ ಮೂರರಿಂದ ಮೂರೂವರೆ ಗಂಟೆ, ಬಸ್ಸೂ ಇದೆ. ಟೊರೊಂಟೊ ಕಡೆಯವರು ಮಾಂಟ್ರಿಯಲ್‌ನಲ್ಲಿ ಒಂದು ರಾತ್ರಿ ತಂಗಿ ಮುಂದೆ ಹೋಗುವುದು ಸುಖ. ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ 1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನ್ ಎಂಬಾತ ಕಟ್ಟಿದ ಊರಿದು. ಸುತ್ತ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಕೋಟೆಗೋಡೆ ಇಂದಿಗೂ ಇದೆ. ಮೆಕ್ಸಿಕೋ ದೇಶದಿಂದ ಉತ್ತರಕ್ಕೆ ಇಡೀ ಖಂಡದಲ್ಲಿ ಹೀಗೆ ಕೋಟೆ ಉಳಿಸಿಕೊಂಡ ಊರು ಇದೊಂದೇ. 1985ರಲ್ಲಿ ಯುನೆಸ್ಕೋದವರು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅಂಗಡಿ ಫಲಕವೆಲ್ಲ ಫ್ರೆಂಚಿನಲ್ಲಿ. ರಸ್ತೆಯ 'ಸ್ಟಾಪ್' ಫಲಕದ ಮೇಲೂ 'ಅರೆ' ಅಂತಲೇ ಬರೆದಿರುತ್ತಾರೆ. ಫ್ರಾನ್ಸ್ ದೇಶದಲ್ಲೇ ಅದಕ್ಕೆ 'ಸ್ಟಾಪ್' ಅನ್ನುತ್ತಾರಂತೆ ನೋಡಿ! ನಮ್ಮ ಪೇಟೆಬೀದಿಯ ಬೋರ್ಡುಗಳು ನೆನಪಾಗಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಊರು ಎರಡು ಅಂತಸ್ತಿನದು. ಗುಡ್ಡದ ಮೇಲೆ ಮೇಲೂರು, ನದಿಯ ಬದಿಗೆ ಕೆಳಊರು. ನಡುವೆ ಕಡಿದಾದ ಮೆಟ್ಟಿಲುಗಳು. ಒಂದು ಮೆಟ್ಟಿಲುಸಾಲಿಗೆ 'ಕತ್ತು ಮುರಿಯುವ ಮೆಟ್ಟಿಲು' ಎಂದೇ ಹೆಸರು. ಮಂಡಿನೋವಿನವರು ಗಾಬರಿಯಾಗಬೇಡಿ, ಹಗ್ಗದಿಂದ ಎಳೆಯುವ ಪುಟ್ಟ ಗಾಡಿ 1879ರಿಂದ ಇದೆ. ಇಳಿದುಕೊಳ್ಳುವ ಜಾಗ ಹುಡುಕುವಾಗ ಮಾತ್ರ ಮಂಡಿಯನ್ನೇ ಮೊದಲು ನೆನೆಯಬೇಕು. ಕೋಟೆಯೊಳಗೆ ಹಳೆಯ ಕಲ್ಲುಮನೆಗಳನ್ನು ಸಣ್ಣ ವಸತಿಗೃಹ ಮಾಡಿದ್ದಾರೆ. ನೋಡಲು ಬಲು ಚಂದ, ಆದರೆ ಎಷ್ಟೋ ಮನೆಗಳಲ್ಲಿ ಲಿಫ್ಟ್ ಇಲ್ಲ, ಕೋಣೆ ಮೂರನೇ ಮಹಡಿಯಲ್ಲಿರುತ್ತದೆ. ಮುಂಗಡ ಕೊಡುವ ಮೊದಲೇ "ಅಸಾಂಸರ್ ಇದೆಯೇ?" ಅಂತ ಕೇಳಿಸಿ. ಲಿಫ್ಟಿಗೆ ಅಲ್ಲಿ ಹಾಗನ್ನುತ್ತಾರೆ.

ನದಿಯ ಮೇಲಿಂದ ಕಾಣುವ ಅರಮನೆಯಂಥ ಕಟ್ಟಡ ಶಾತೊ ಫ್ರೊಂತನಾಕ್. ಅದು ಅರಮನೆಯಲ್ಲ, 1893ರಲ್ಲಿ ತೆರೆದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943 ಮತ್ತು 1944ರಲ್ಲಿ, ಚರ್ಚಿಲ್ ಮತ್ತು ರೂಸ್‌ವೆಲ್ಟ್ ಈ ಊರಿನಲ್ಲೇ ಸಭೆ ನಡೆಸಿದರು. ಬಾಡಿಗೆ ನಮ್ಮ ಕೈಗೆ ಎಟುಕುವುದಲ್ಲ ಬಿಡಿ. ಮುಂದಿನ ಹಲಗೆ ಹಾಸಿದ ಅಂಗಳದಲ್ಲಿ ಬೆಂಚುಗಳಿವೆ, ಕೂರಲು ಯಾರೂ ಕಾಸು ಕೇಳುವುದಿಲ್ಲ.

ಸ್ವಲ್ಪ ಅಗ್ಗಕ್ಕೆ ಬೇಕೆಂದರೆ ಸೇಂಟ್-ಜಾನ್ ಬಾಗಿಲು ದಾಟಿ ಕೋಟೆಯ ಹೊರಗಿನ ಬಡಾವಣೆ ನೋಡಿ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ, ದಿನಸಿ ಅಂಗಡಿಗಳಿವೆ. ಮನೆಯವರೇ ಕೋಣೆ ಕೊಟ್ಟು ಬೆಳಗಿನ ತಿಂಡಿಯನ್ನೂ ಕೊಡುವ ಪದ್ಧತಿಗೆ 'ಝೀತ್' ಅಂತ ಹೆಸರು. ಯಾವುದೇ ವಸತಿಯಾಗಲಿ, ಜಾಹೀರಾತಿನಲ್ಲಿ ಸರ್ಕಾರದ ನೋಂದಣಿ ಸಂಖ್ಯೆ ಇರಬೇಕು ಎಂಬುದು ಅಲ್ಲಿಯ ಕಾನೂನು. ಅದನ್ನು ನೋಡದೆ ಹಣ ಕಳಿಸಬೇಡಿ.

ನನ್ನನ್ನು ಕೇಳಿದರೆ ಮಾತ್ರ ಒಂದೇ ಜಾಗ ಹೇಳುತ್ತೇನೆ: ಅಗಸ್ಟೀನ್ ಸನ್ಯಾಸಿನಿಯರ ಮಠ. ಅದರ ಕಥೆ ಕೇಳಿ. 1639ರ ಆಗಸ್ಟಿನಲ್ಲಿ ಫ್ರಾನ್ಸಿನಿಂದ ಬಂದ ಒಂದೇ ಹಡಗಿನಲ್ಲಿ ಎರಡು ಪಂಗಡದ ಸನ್ಯಾಸಿನಿಯರು ಇಳಿದರು. ಅಗಸ್ಟೀನ್ ಪಂಗಡದ ಮೂವರು ಕಟ್ಟಿದ ಆಸ್ಪತ್ರೆಯೇ ಮೆಕ್ಸಿಕೋದಿಂದ ಉತ್ತರಕ್ಕೆ ಆ ಖಂಡದ ಮೊದಲ ಆಸ್ಪತ್ರೆ. ಅರ್ಸುಲೀನ್ ಪಂಗಡದವರು ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಹಿರಿಯಳು ಮರಿ ದ ಲ್ಯಾಂಕರ್ನಾಸಿಯೋಂ, ಗಂಡ ತೀರಿಕೊಂಡ ಹೆಂಗಸು. ಹನ್ನೊಂದು ವರ್ಷದ ಮಗನನ್ನು ಬಂಧುಗಳ ಹತ್ತಿರ ಬಿಟ್ಟು ಮಠ ಸೇರಿದವಳು. ಸಮುದ್ರ ದಾಟಿ ಬಂದ ಮೇಲೆ ಮತ್ತೆ ಊರಿಗೆ ಹೋಗಲಿಲ್ಲ, ಮಗನ ಮುಖ ನೋಡಲಿಲ್ಲ. 1672ರಲ್ಲಿ ಕೆಬೆಕ್‌ನಲ್ಲೇ ಕಣ್ಣು ಮುಚ್ಚಿದಳು. ಅಷ್ಟು ವರ್ಷವೂ ಮಗನಿಗೆ ಪತ್ರ ಬರೆಯುತ್ತಿದ್ದಳು. ಆ ಕಾಲದ ಕೆಬೆಕ್ ಹೇಗಿತ್ತೆಂದು ತಿಳಿಯಲು ಚರಿತ್ರೆಕಾರರಿಗೆ ಇಂದಿಗೂ ಆ ಪತ್ರಗಳು ಬೇಕು. ನಮ್ಮ ಮಕ್ಕಳು ದೂರ ದೇಶಕ್ಕೆ ಹೋಗಿ ನಾವು ಫೋನಿನ ಮುಂದೆ ಕೂರುತ್ತೇವೆ. ಅಲ್ಲಿ ದೂರ ಹೋದವಳೇ ತಾಯಿ. ಅರ್ಸುಲೀನರ ಶಾಲೆಯ ವಸ್ತುಸಂಗ್ರಹಾಲಯಕ್ಕೆ ಹೋದರೆ ಕಸೂತಿ ನೋಡದೆ ಬರಬೇಡಿ. ಚಿನ್ನದ ಎಳೆಯ ಆ ಕೆಲಸದ ಮುಂದೆ ನಾನು ಬಹಳ ಹೊತ್ತು ನಿಂತೆ.

ಅಗಸ್ಟೀನರ ಹಳೆಯ ಮಠವನ್ನು 2015ರಿಂದ ಅತಿಥಿಗೃಹವಾಗಿ ತೆರೆದಿದ್ದಾರೆ. ಸನ್ಯಾಸಿನಿಯರು ಮಲಗುತ್ತಿದ್ದ ಪುಟ್ಟ ಕೋಣೆಗಳಲ್ಲೇ ನಾವೂ ಮಲಗಬಹುದು, ಬಚ್ಚಲು ಹೊರಗೆ, ನಾಲ್ಕಾರು ಕೋಣೆಗಳಿಗೆ ಸೇರಿ. ಒಳಗೇ ಬಚ್ಚಲಿರುವ ಹೊಸ ಮಾದರಿಯ ಕೋಣೆಗಳೂ ಇವೆ, ಬಾಡಿಗೆ ಹೆಚ್ಚು. ಕೋಣೆಯಲ್ಲಿ ಟಿ.ವಿ. ಇಲ್ಲ. ಬೆಳಗಿನ ತಿಂಡಿಯನ್ನು ಮಾತಾಡದೆ ತಿನ್ನಬೇಕು, ಅದು ಮಠದ ಹಳೆಯ ಪದ್ಧತಿ. "ಉಪ್ಪು ಕೊಡಿ, ಇನ್ನೊಂದು ಹಾಕು, ಕಾಫಿ ಎಲ್ಲಿ" ಎಂಬ ಗಲಾಟೆಯೇ ಇಲ್ಲದ ತಿಂಡಿ! ಊಟದಲ್ಲಿ ತರಕಾರಿ, ಕಾಳುಗಳಿಗೆ ಮರ್ಯಾದೆ ಉಂಟು. ಇನ್ನೊಂದು ವಿಶೇಷ: ಮನೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿ ದಣಿದವರಿಗೆ ಆಸರೆ ಕೊಡುವುದೂ ಈ ಮಠದ ಕೆಲಸ ಎಂದು ಅವರು ಇಟ್ಟುಕೊಂಡಿದ್ದಾರೆ.

ಇನ್ನು ಊಟಕ್ಕೆ ಬರೋಣ. ಮೊದಲು ಹೊತ್ತಿನ ಲೆಕ್ಕ. ಕೆಬೆಕ್‌ನಲ್ಲಿ 'ಡೆಝ್ಯೂನೆ' ಎಂದರೆ ಬೆಳಗಿನ ತಿಂಡಿ, 'ದಿನೆ' ಎಂದರೆ ಮಧ್ಯಾಹ್ನದ ಊಟ, 'ಸೂಪೆ' ರಾತ್ರಿಯದು. ಫ್ರಾನ್ಸಿನ ಲೆಕ್ಕವೇ ಬೇರೆ, ಪುಸ್ತಕ ನೋಡಿ ಕಲಿತು ಹೋದವರಿಗೆ ಗೊಂದಲವಾಗುತ್ತದೆ. 'ತಾಬ್ಲ್ ದೋತ್' ಎಂದರೆ ಸೂಪಿನಿಂದ ಸಿಹಿಯವರೆಗೆ ಒಂದೇ ದರದ ಊಟ. ಅದೇ ಊಟ ಮಧ್ಯಾಹ್ನ ಅಗ್ಗ, ಆದ್ದರಿಂದ ದೊಡ್ಡ ಊಟ ಮಧ್ಯಾಹ್ನವೇ ಮಾಡಿ. ಪಟ್ಟಿಯಲ್ಲಿ ಬರೆದ ದರಕ್ಕೆ ತೆರಿಗೆ ಸುಮಾರು ನೂರಕ್ಕೆ ಹದಿನೈದು ಸೇರುತ್ತದೆ, ಬಡಿಸುವವರಿಗೆ ಇನಾಮೂ ಹೆಚ್ಚುಕಡಿಮೆ ಅಷ್ಟೇ ಕೊಡುವ ವಾಡಿಕೆ. 20 ಡಾಲರಿನ ಊಟಕ್ಕೆ ಕೈಯಿಂದ ಹೋಗುವುದು 26.

ಸಸ್ಯಾಹಾರಿಗಳು ಹುಷಾರಾಗಿರಬೇಕಾದ್ದು ಕಣ್ಣಿಗೆ ಕಾಣುವ ಮಾಂಸದ ವಿಷಯಕ್ಕಲ್ಲ, ಕಾಣದ ಮಾಂಸಕ್ಕೆ. ಹಳದಿ ಬಟಾಣಿ ಸೂಪು ನೋಡಲು ಥೇಟ್ ನಮ್ಮ ತೊವ್ವೆ, ಆದರೆ ಬೇಯಿಸುವುದು ಉಪ್ಪು ಹಾಕಿದ ಹಂದಿಮಾಂಸದ ಜೊತೆ. ಹುರುಳಿಕಾಯಿ ಬೀಜದ ಸಿಹಿ ಪಲ್ಯಕ್ಕೆ 'ಫೆವ್ ಓ ಲಾರ್' ಅನ್ನುತ್ತಾರೆ, 'ಲಾರ್' ಅಂದರೇ ಹಂದಿಯ ಕೊಬ್ಬು. ತಿಂಡಿಯ ತಟ್ಟೆಯಲ್ಲಿ ಬ್ರೆಡ್ಡಿನ ಪಕ್ಕ ಕಂದುಬಣ್ಣದ ಚಟ್ನಿಯಂಥದ್ದು ಬಂದರೆ ಅದು 'ಕ್ರೆತೋಂ', ಅದೂ ಹಂದಿಯದೇ. ಹಂದಿ ತಿನ್ನದ ಮುಸ್ಲಿಂ ಸೋದರಿಯರಿಗೂ ಈ ಮಾತು ಉಪಯೋಗವಾದೀತು. ಸಕ್ಕರೆ ಕಡುಬಿನಂಥ 'ತಾರ್ತ್ ಓ ಸ್ಯೂಕ್ರ್' ಬಾಯಲ್ಲಿ ಕರಗುತ್ತದೆ, ಆದರೆ ಕೆಲವರು ಅದರ ಹಿಟ್ಟಿಗೆ ಬೆಣ್ಣೆಯ ಬದಲು ಹಂದಿ ಕೊಬ್ಬು ಕಲಸುತ್ತಾರೆ. ಕೇಳಿಯೇ ತಿನ್ನಿ.

ಪುಟೀನ್ ಎಂಬುದು ಈ ನಾಡಿನ ಹೆಮ್ಮೆಯ ತಿಂಡಿ. ಕರಿದ ಆಲೂಗಡ್ಡೆಯ ಮೇಲೆ ಹಸಿ ಗಿಣ್ಣಿನ ತುಂಡಿನಂಥ ಚೀಸು, ಮೇಲೆ ಬಿಸಿ ಕಂದು ಸಾರು. ತಾಜಾ ಚೀಸು ಹಲ್ಲಿಗೆ ಸಿಕ್ಕರೆ ಕಿಚಕಿಚ ಎನ್ನಬೇಕು. ಇದು 1950ರ ದಶಕದಲ್ಲಿ ಅಲ್ಲಿಯ ಹಳ್ಳಿ ಕಡೆ ಹುಟ್ಟಿದ್ದು. ಕೆಬೆಕ್ ನಗರದಲ್ಲಿ 1969ರಲ್ಲಿ ಶುರುವಾದ 'ಶೇ ಆಷ್ಟನ್' ಅಂಗಡಿಗಳು ಇದಕ್ಕೆ ಪ್ರಸಿದ್ಧ. ಆದರೆ ಸಾರು ಸಾಮಾನ್ಯವಾಗಿ ಕೋಳಿಯದೋ ದನದ್ದೋ. ಮಾಂಸವಿಲ್ಲದ ಸಾರು ಕೆಲವು ಕಡೆ ಸಿಗುತ್ತದೆ, ಕೇಳಿ. ಚೀಸನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ಪದಾರ್ಥ ಬಳಸುವುದುಂಟು, ಕಟ್ಟುನಿಟ್ಟಿನವರು ಬಿಟ್ಟುಬಿಡುವುದೇ ಸರಿ. ಮಾಂಸ ತಿನ್ನುವವರಿಗೆ 'ತೂರ್ತಿಯೇರ್' ಎಂಬ ಮಾಂಸದ ಕಡುಬಿದೆ, ಚಳಿಗೆ ಹೇಳಿ ಮಾಡಿಸಿದ್ದಂತೆ. ನಾನು ತಿಂದಿಲ್ಲ, ಆದ್ದರಿಂದ ಹೊಗಳುವುದಿಲ್ಲ.

ಹಾಗಾದರೆ ತಿನ್ನುವುದೇನು? ಬೇಕಾದಷ್ಟಿದೆ. ತಿಂಡಿಗೆ 'ಗ್ರುಓ' ಅಂದರೆ ಓಟ್ಸ್ ಗಂಜಿ, ಹಣ್ಣು, ಬೆಣ್ಣೆ ಹಚ್ಚಿದ ರೊಟ್ಟಿ. ಬೀದಿಯ ಬ್ರೆಡ್ಡಿನಂಗಡಿಯಲ್ಲಿ ಬೆಳಿಗ್ಗೆ ಬಿಸಿಬಿಸಿ ಉದ್ದ ಬ್ರೆಡ್ಡು, ಅದರಲ್ಲಿ ಮೊಟ್ಟೆ ಇರುವುದಿಲ್ಲ. ಕುಟ್ಟು ಗೋಧಿಯ ತೆಳ್ಳನೆ 'ಗಲೆತ್' ನಮ್ಮ ನೀರುದೋಸೆಯ ತಂಗಿ. ಕೆಲವರು ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ, ಕೆಲವರು ಇಲ್ಲ. ಲೆಬನಾನಿನವರ ಅಂಗಡಿಗಳಲ್ಲಿ ಫಲಾಫೆಲ್ ಸಿಕ್ಕರೆ ಬಿಡಬೇಡಿ, ಅದು ಕಡಲೆಕಾಳಿನ ವಡೆಯೇ. 2019ರಲ್ಲಿ ತೆರೆದ 'ಗ್ರಾನ್ ಮಾರ್ಷೆ' ಎಂಬ ದೊಡ್ಡ ಮಾರುಕಟ್ಟೆಯಲ್ಲಿ ಓರ್ಲಿಯಾನ್ ದ್ವೀಪದ ಕಡೆಯ ಸ್ಟ್ರಾಬೆರಿ, ಸೇಬು ಬಂದಿರುತ್ತವೆ. ಕುಕ್ಕರು ಹೊತ್ತುಕೊಂಡು ಹೋಗಬೇಡಿ. ಕೋಣೆಯಲ್ಲಿ ಸಾಸಿವೆ ಒಗ್ಗರಣೆ ಹಾಕಿದಿರೋ, ಹೊಗೆಗೆ ಗಂಟೆ ಹೊಡೆದು ಇಡೀ ಹೋಟೆಲು ಬೀದಿಗೆ ಬಂದೀತು. ಒಂದು ಡಬ್ಬಿ ಚಟ್ನಿಪುಡಿ ಸಾಕು.

ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ. ಯಾವ ಅಂಗಡಿಗೆ ಹೋದರೂ ಮೊದಲು "ಬೊಂಝೂರ್". ಅದಿಲ್ಲದೆ ನೇರ ಇಂಗ್ಲಿಷ್ ಶುರುಮಾಡಿದರೆ ಅವರ ಮುಖ ಸ್ವಲ್ಪ ಬಿಗಿಯುತ್ತದೆ, ಆಮೇಲೆ ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಎರಡನೆಯದು "ಝ ಸುಯಿ ವೆಜೆತಾರಿಯೆನ್", ನಾನು ಸಸ್ಯಾಹಾರಿ, ಹೆಂಗಸರು ಹೇಳುವ ರೂಪವಿದು. ಮೂರನೆಯದು "ಸಾಂ ವಿಯಾಂದ್, ಸಾಂ ಪ್ವಾಸೋಂ", ಮಾಂಸ ಬೇಡ, ಮೀನು ಬೇಡ. ಇದು ಮುಖ್ಯ, ಏಕೆಂದರೆ ಮೀನು ತಿನ್ನುವವರನ್ನೂ ಸಸ್ಯಾಹಾರಿ ಎಂದುಕೊಳ್ಳುವವರು ಅಲ್ಲಿದ್ದಾರೆ. ಚೀಟಿಯಲ್ಲಿ ಬರೆಸಿಕೊಂಡು ತೋರಿಸಿದರೂ ಆದೀತು.

ಕುಡಿಯುವುದಕ್ಕೆ ನಲ್ಲಿ ನೀರೇ ಶುದ್ಧ. ಹೋಟೆಲಿನಲ್ಲಿ ಕೇಳಿದರೆ ಬಿಟ್ಟಿ ಕೊಡುತ್ತಾರೆ, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಸೇಬನ್ನು ಹಿಮಗಾಲದ ಚಳಿಗೆ ಬಿಟ್ಟು ತೆಗೆದ ರಸದ ಸಿಹಿ ಮದ್ಯ ಕೆಬೆಕ್‌ನವರೇ ಕಂಡುಹಿಡಿದದ್ದು. ಚಳಿಗಾಲದ ಜಾತ್ರೆಯಲ್ಲಿ 'ಕಾರಿಬೂ' ಎಂಬ ಬಿಸಿ ಪಾನೀಯ ಮಾರುತ್ತಾರೆ, ಅದರಲ್ಲಿ ದ್ರಾಕ್ಷಾರಸದ ಜೊತೆ ವಿಸ್ಕಿಯಂಥ ಗಟ್ಟಿ ಮದ್ಯವೂ ಇರುತ್ತದೆ. ಬಣ್ಣ ನೋಡಿ ಕೋಕಂ ಪಾನಕ ಎಂದುಕೊಳ್ಳದಿರಿ! ಆ ನೆಲದ ಹಳೆಯ ಪಾನೀಯ ಮಾತ್ರ ನಮಗೆ ಗೊತ್ತಿರುವಂಥದ್ದೇ, ಕಷಾಯ. 1535-36ರ ಚಳಿಗಾಲದಲ್ಲಿ ಅಲ್ಲಿ ಸಿಕ್ಕಿಬಿದ್ದ ಜಾಕ್ ಕಾರ್ತಿಯೇ ಎಂಬ ನಾವಿಕನ ಸುಮಾರು 25 ಜನ ವಸಡು ಕೊಳೆಯುವ ರೋಗದಿಂದ ಸತ್ತರು. ಉಳಿದವರನ್ನು ಬದುಕಿಸಿದ್ದು ಅಲ್ಲಿಯ ಮೂಲನಿವಾಸಿಗಳು ಹೇಳಿಕೊಟ್ಟ ಒಂದು ಮರದ ಎಲೆ-ತೊಗಟೆಯ ಕಷಾಯ.

ಮಾರ್ಚ್-ಏಪ್ರಿಲಿನಲ್ಲಿ ಹೋದವರ ಅದೃಷ್ಟ ದೊಡ್ಡದು. ಆಗ ಮೇಪಲ್ ಮರದ ಕಾಂಡಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. 40 ಲೀಟರು ರಸ ಕಾಯಿಸಿದರೆ ಒಂದು ಲೀಟರು ಪಾಕ. ನಮ್ಮ ಮಲೆನಾಡಿನ ಆಲೆಮನೆಯೇ, ಕಬ್ಬಿನ ಬದಲು ಮರ ಅಷ್ಟೆ. ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ಕೊಡುತ್ತಾರೆ, ಮುದುಕರೂ ಮಕ್ಕಳಂತೆ ನೆಕ್ಕುತ್ತಾರೆ. ಬರುವಾಗ ಪಾಕದ ಡಬ್ಬಿ ಕಿರಾಣಿ ಅಂಗಡಿಯಲ್ಲೇ ಕೊಳ್ಳಿ, ಪ್ರವಾಸಿಗರ ಅಂಗಡಿಯ ಎಲೆಯಾಕಾರದ ಸೀಸೆ ದುಬಾರಿ.

ಆ ಪಾಕದಲ್ಲಿ ಮಾಡುವ ಒಂದು ಸಿಹಿಯನ್ನು ನಮ್ಮ ಬೆಲ್ಲದಲ್ಲಿ ಮಾಡುವ ಕ್ರಮ ಕೊಟ್ಟು ಮುಗಿಸುತ್ತೇನೆ. ಹೆಸರು 'ಪೂಡಿಂಗ್ ಶೋಮರ್', ಅಂದರೆ ಕೆಲಸವಿಲ್ಲದವನ ಪುಡಿಂಗು. 1929ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕಾರ್ಖಾನೆಯ ಹೆಂಗಸರು ಮಾಡಿದ್ದೆನ್ನುತ್ತಾರೆ.

ಒಂದು ಬಟ್ಟಲು ಮೈದಾಕ್ಕೆ ಒಂದೂವರೆ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಎರಡು ದೊಡ್ಡ ಚಮಚ ಬೆಣ್ಣೆ, ಕಾಲು ಬಟ್ಟಲು ಸಕ್ಕರೆ ತಿಕ್ಕಿ ಹಗುರ ಮಾಡಿ ಇದಕ್ಕೆ ಹಾಕಿ, ಅರ್ಧ ಬಟ್ಟಲಿಗಿಂತ ತುಸು ಹೆಚ್ಚು ಹಾಲು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಒಂದು ಬಟ್ಟಲು ಬೆಲ್ಲದ ಪುಡಿಯನ್ನು ಒಂದು ಬಟ್ಟಲು ನೀರಿನಲ್ಲಿ ಕುದಿಸಿ, ಸೋಸಿ, ಒಂದು ಚಮಚ ಬೆಣ್ಣೆ ಹಾಕಿ. ಅಲ್ಲಿಯವರು ಪಾಕಕ್ಕೆ ಕೆನೆ ಸೇರಿಸುತ್ತಾರೆ. ಬೆಲ್ಲಕ್ಕೆ ಅದು ಬೇಡ, ಒಡೆಯುತ್ತದೆ. ಬೆಣ್ಣೆ ಸವರಿದ ಆಳವಾದ ಪಾತ್ರೆಗೆ ಬಿಸಿ ಪಾಕ ಸುರಿದು, ಮೇಲೆ ಹಿಟ್ಟನ್ನು ಚಮಚ ಚಮಚವಾಗಿ ಬಿಡಿ. ಕಲಕಬಾರದು. ಓವನ್ನಿನಲ್ಲಿ 180 ಡಿಗ್ರಿಗೆ 35 ನಿಮಿಷ. ಓವನ್ ಇಲ್ಲದವರು ತಳಕ್ಕೆ ಮರಳು ಹಾಕಿದ ಹಳೆಯ ಕುಕ್ಕರಿನಲ್ಲಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಹಿಟ್ಟು ಮೇಲೆದ್ದು ಪಾಕ ತಳಕ್ಕೆ ಇಳಿದಿರುತ್ತದೆ. ಸೌಟನ್ನು ತಳದವರೆಗೂ ಹಾಕಿ ಬಿಸಿಯಾಗಿಯೇ ಬಡಿಸಿ.