ಪ್ರಾರ್ಥನೆಯೂ ಬೇಕು, ಔಷಧವೂ ಬೇಕು. ಎರಡೂ ನಮಗೆ ತಿಳಿಯುವ ಭಾಷೆಯಲ್ಲಿ ಬೇಕು

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿಯಿಂದ ಬಂಧಿತರಾಗಿದ್ದ ಮನೋರೋಗಿಗಳು ಓಡಲಾರದೆ ಹೋದರು. 28 ಮಂದಿ ಪ್ರಾಣ ತೆತ್ತರು. ದರ್ಗಾದ ನೀರು ಮತ್ತು ದೀಪದ ಎಣ್ಣೆಯಿಂದ ಗುಣವಾಗುವುದೆಂಬ ನಂಬಿಕೆಯಲ್ಲಿ ಎಲ್ಲ ಮತದವರೂ ತಮ್ಮವರನ್ನು ಅಲ್ಲಿಗೆ ಕರೆತರುತ್ತಿದ್ದರು.

ಈ ಸಾವುಗಳಿಗೆ ನಂಬಿಕೆಯನ್ನೇ ಹೊಣೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರನ್ನು ಕಟ್ಟಿಹಾಕಿದ್ದು ಪ್ರಾರ್ಥನೆಯಲ್ಲ, ಸರಪಳಿ. ಮನೆಯವರ ಅಸಹಾಯಕತೆಯನ್ನು ಕೆಲವರು ವ್ಯಾಪಾರವಾಗಿಸಿಕೊಂಡಿದ್ದರು. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮನೋವ್ಯಾಧಿಗಳಿಂದ ಬಳಲುವವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ವೈದ್ಯರು ದೂರವಿರುವಲ್ಲಿ ಜನರು ಹತ್ತಿರದ ಇಗರ್ಜಿಗೋ ದರ್ಗಾಕ್ಕೋ ಹೋಗುವುದರಲ್ಲಿ ಅಚ್ಚರಿಯೇನಿದೆ? ಅಲ್ಲಿ ಶುಲ್ಕವಿಲ್ಲ, ಚೀಟಿಯಿಲ್ಲ, 'ಹುಚ್ಚ'ನೆಂಬ ಹಣೆಪಟ್ಟಿಯಿಲ್ಲ. ದುಃಖವನ್ನು ಕೇಳಿಸಿಕೊಳ್ಳುವವರೊಬ್ಬರು ಇರುತ್ತಾರೆ.

ಈ ಎರಡು ಧರ್ಮಗಳೂ ವೈದ್ಯಕ್ಕೆ ವಿರೋಧಿಗಳಲ್ಲ. ಔಷಧೋಪಚಾರ ಮಾಡಿಕೊಳ್ಳಬೇಕೆಂಬುದು ಪ್ರವಾದಿಯವರ ಬೋಧನೆಯೆಂದು ಇಸ್ಲಾಮಿನ ಪರಂಪರೆ ತಿಳಿಸುತ್ತದೆ; ಕೈರೋದಲ್ಲಿ 13ನೆಯ ಶತಮಾನದಲ್ಲಿ ಸ್ಥಾಪನೆಯಾದ ಕಲಾವೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯು ಉದ್ದೇಶಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯವಿಧಿಯನ್ನು ನಿರಾಕರಿಸಿತ್ತು. 1983ರ ಸಂಹಿತೆ ಆ ನಿರ್ಬಂಧವನ್ನು ಕೈಬಿಟ್ಟಿತು. ಮನಸ್ಸಿನ ತೀವ್ರ ವೇದನೆಯು ಅಂಥವರ ಹೊಣೆಯನ್ನು ತಗ್ಗಿಸುತ್ತದೆಂದು ಸಭೆ ಇಂದು ಬೋಧಿಸುತ್ತದೆ. ಆದರೂ ಖಿನ್ನತೆಯನ್ನು 'ಈಮಾನಿನ ಕೊರತೆ' ಎಂದೋ 'ವಿಶ್ವಾಸದ ದೌರ್ಬಲ್ಯ' ಎಂದೋ ಹಳಿಯುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಮೊದಲೇ ಕುಗ್ಗಿದ ಜೀವಕ್ಕೆ ಅದು ಅಪರಾಧಭಾವದ ಇನ್ನೊಂದು ಹೊರೆ.

ಬೇರೆ ದಾರಿಯೂ ಇದೆ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದ ಆವರಣದಲ್ಲೇ 'ದವಾ–ದುವಾ' ಹೆಸರಿನಲ್ಲಿ ಮನೋವೈದ್ಯರ ಸೇವೆ ಆರಂಭವಾಯಿತು. ರೋಗಲಕ್ಷಣಗಳನ್ನು ಗುರುತಿಸಲು ಅಲ್ಲಿನ ಮುಜಾವರರಿಗೆ ತರಬೇತಿ ನೀಡಲಾಯಿತು. ಪ್ರಾರ್ಥನೆ ಸಲ್ಲಿಸಿದ ಮೇಲೆ ಅವರೇ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆ. ಮುಂದೆ ಏರ್ವಾಡಿಯಲ್ಲಿಯೂ ಇದೇ ಮಾದರಿಯನ್ನು ಅನುಸರಿಸಲಾಯಿತು. ನಂಬಿಕೆಯುಳ್ಳ ಗುರು ಹೇಳಿದರೆ ಮನೆಯವರು ಗುಳಿಗೆಯನ್ನು ನಿಲ್ಲಿಸುವುದಿಲ್ಲ. ಇದು ಸರಳ ಲೋಕಜ್ಞಾನ.

ಗಡಿನಾಡಿನ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಮಂಜೇಶ್ವರ, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿ ಆಡುಮಾತು ಬ್ಯಾರಿ, ಕೊಂಕಣಿ ಅಥವಾ ತುಳು, ಓದುಬರಹ ಕನ್ನಡ, ಸರಕಾರಿ ಆಸ್ಪತ್ರೆಯ ವ್ಯವಹಾರ ಮಲಯಾಳ. ಮುರಿದ ಕಾಲನ್ನು ಬೆರಳು ತೋರಿಸಿ ಹೇಳಬಹುದು. ಮುರಿದ ಮನಸ್ಸನ್ನು ಮಾತಿನಿಂದಲೇ ಹೇಳಬೇಕು. ನಿದ್ರೆಯಿಲ್ಲದ ರಾತ್ರಿಗಳನ್ನು, ಸಾಯಬೇಕೆನಿಸುವ ಗಳಿಗೆಯನ್ನು ಅರೆಬರೆ ತಿಳಿದ ಭಾಷೆಯಲ್ಲಿ ವಿವರಿಸಲಾಗದೆ, ಪಕ್ಕದಲ್ಲಿರುವ ಬಂಧುವಿನ ಬಾಯಿಂದ ಹೇಳಿಸುವಾಗ ನಿಜವಾದ ನೋವು ಒಳಗೇ ಉಳಿದುಬಿಡುತ್ತದೆ. ಗುರುಗಳ ಅಥವಾ ಉಸ್ತಾದರ ಮುಂದೆ ಈ ಅಡ್ಡಿಯಿಲ್ಲ.

ಕಾನೂನು ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 95ನೆಯ ಕಲಮು ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. 22ನೆಯ ಕಲಮಿನ ಪ್ರಕಾರ, ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ನೀಡಬೇಕು. ಭಾಷಾ ಅಲ್ಪಸಂಖ್ಯಾತರಾದ ನಾವು ನಾಮಫಲಕಕ್ಕಾಗಿ, ಅರ್ಜಿ ನಮೂನೆಗಾಗಿ, ಶಾಲೆಗಾಗಿ ಹೋರಾಡುತ್ತ ಬಂದಿದ್ದೇವೆ. ಅಷ್ಟೇ ಗಟ್ಟಿಯಾಗಿ ಈ ಹಕ್ಕನ್ನೂ ಕೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಶಿಬಿರಗಳಲ್ಲಿ ಕನ್ನಡ, ತುಳು ಬಲ್ಲ ಆಪ್ತಸಲಹೆಗಾರರು ಇರಬೇಕು. ಜಮಾಅತ್ ಸಮಿತಿಗಳೂ ಇಗರ್ಜಿಯ ಪಾಲನಾ ಮಂಡಳಿಗಳೂ ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನು ತಮ್ಮ ಅಂಗಳಕ್ಕೆ ಕರೆಸಬೇಕು.

ದೇವರ ಮುಂದೆ ಕಣ್ಣೀರಿಡುವವರನ್ನು ನಾವು ತಡೆಯಬೇಕಾಗಿಲ್ಲ. ಪ್ರಾರ್ಥನೆ ಮುಗಿಸಿ ಹೊರಬಂದಾಗ ಅವರ ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವವರೊಬ್ಬರು, ಅಲ್ಲಿ ಅವರ ಮಾತು ಅರ್ಥಮಾಡಿಕೊಳ್ಳುವವರೊಬ್ಬರು ಇದ್ದರೆ ಸಾಕು.